ಕೇರಳ ಲಾಟರಿಯಿಂದ ನಿಜಕ್ಕೂ ಎಷ್ಟು ಉಳಿಯುತ್ತೆ? ಲೆಕ್ಕ ಗೊತ್ತಿರುವವರು ಹೇಳಿ

ಪಡುಬಿದ್ರಿ_ಪ್ರಯಾಣಿಕ:
ಮೂರು ದಿನದಿಂದ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಇದೇ ಜಗಳ. ಭಾವ ಒಂದು ಫಾರ್ವರ್ಡ್ ಹಾಕಿದರು. "ಕೇರಳಕ್ಕೆ ಲಾಟರಿಯಿಂದ ವರ್ಷಕ್ಕೆ 12,000 ಕೋಟಿ ಲಾಭ. ನಮ್ಮವರು 2007ರಲ್ಲಿ ಲಾಟರಿ ನಿಲ್ಲಿಸಿ ಕೈ ಸುಟ್ಟುಕೊಂಡರು. ಈಗ ಗ್ಯಾರಂಟಿಗೆ ದುಡ್ಡಿಲ್ಲ ಅಂತ ಅಳುತ್ತಾರೆ, ಲಾಟರಿ ಮತ್ತೆ ಶುರು ಮಾಡಿದರೆ ಎಲ್ಲ ಸರಿಹೋಗುತ್ತೆ" ಅಂತ. ಅತ್ತಿಗೆ ಅದಕ್ಕೆ ಕೈಮುಗಿದ ಚಿತ್ರ ಹಾಕಿದರು. ಚಿಕ್ಕಪ್ಪ "ಜೂಜಿನ ದುಡ್ಡು ನಮಗೆ ಬೇಡ" ಅಂದರು. ಆಮೇಲೆ ಇಬ್ಬರು ಗ್ರೂಪ್ ಬಿಟ್ಟುಹೋದರು.

ನನಗೆ ನೀತಿಯ ಜಗಳ ಬೇಡ, ಬರೀ ಲೆಕ್ಕ ಬೇಕು. ಒಂದು ರಾಜ್ಯದ ಲಾಟರಿ ಚೆನ್ನಾಗಿ ನಡೆಯುತ್ತಿದೆ ಅಂತ ಹೇಳುವುದು ಯಾವುದನ್ನು ನೋಡಿ? ಮಾರಾಟವೋ, ಲಾಭವೋ, ತೆರಿಗೆಯೋ? ಆ 12,000 ಕೋಟಿ ನಿಜವೋ ಸುಳ್ಳೋ?

ಅಂಗಡಿಬೀದಿ_ಅಣ್ಣ:
ಭಾವನ ಫಾರ್ವರ್ಡ್ ನಂಬಿ ಯಾರಾದರೂ ಉದ್ಧಾರ ಆಗಿದ್ದಾರಾ?

ಖಾತೆ_ಕಿರ್ದಿ:
12,000 ಕೋಟಿ ಸುಳ್ಳಲ್ಲ, ಆದರೆ ಲಾಭವೂ ಅಲ್ಲ. ಅದು ಟಿಕೆಟ್ ಮಾರಿ ಬಂದ ಹಣ. ಕಿರಾಣಿ ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿ ಸಂಜೆ 20,000 ಇದ್ದರೆ ಅವನ ಸಂಪಾದನೆ 20,000 ಅನ್ನುತ್ತೀರಾ? ಅದರಲ್ಲಿ ಸಕ್ಕರೆ ಮೂಟೆ ದುಡ್ಡೂ ಇದೆ, ಎಣ್ಣೆ ಡಬ್ಬದ ದುಡ್ಡೂ ಇದೆ.

ಸರ್ಕಾರಿ ಲೆಕ್ಕದಲ್ಲಿ ಈ ಗೊಂದಲಕ್ಕೆ ಒಂದು ಕಾರಣ ಇದೆ. ಲಾಟರಿ ಹಣ ಬರುವುದು 0075 ಅನ್ನುವ ಲೆಕ್ಕ ಶೀರ್ಷಿಕೆಗೆ, ತೆರಿಗೆಯೇತರ ಆದಾಯ ಅಂತ. ಬಹುಮಾನ, ಏಜೆಂಟರ ಕಮಿಷನ್, ಟಿಕೆಟ್ ಮುದ್ರಣ ಎಲ್ಲ ಹೋಗುವುದು 2075ರಲ್ಲಿ, ಖರ್ಚು ಅಂತ. ಎರಡೂ ಬೇರೆ ಬೇರೆ ಪುಸ್ತಕದಲ್ಲಿ ಕೂತಿರುತ್ತವೆ. ಫಾರ್ವರ್ಡ್ ಮಾಡುವವರು ಮೊದಲನೆಯದನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಕೇರಳದ ತೆರಿಗೆಯೇತರ ಆದಾಯದಲ್ಲಿ ಲಾಟರಿಯದ್ದೇ ಸಿಂಹಪಾಲು ಅಂತ ಕಾಣುವುದು ಇದಕ್ಕೇ. ಖರ್ಚು ಕಳೆದು ನೋಡಿದರೆ ಆ ಸಿಂಹ ಬೆಕ್ಕಾಗುತ್ತೆ.

ಒಂದು ವರ್ಷದ್ದು ಹೇಳುತ್ತೇನೆ. 2021-22ರಲ್ಲಿ ಮಾರಾಟ ಸುಮಾರು 7,135 ಕೋಟಿ, ಲಾಭ ಸುಮಾರು 560 ಕೋಟಿ. ನೂರು ರೂಪಾಯಿಗೆ ಎಂಟು ರೂಪಾಯಿಯೂ ಇಲ್ಲ.

ಪಡುಬಿದ್ರಿ_ಪ್ರಯಾಣಿಕ:
ಅಯ್ಯೋ. 560 ಎಲ್ಲಿ, 12,000 ಎಲ್ಲಿ. ಇದನ್ನು ಈಗಲೇ ಗ್ರೂಪಿಗೆ ಹಾಕುತ್ತೇನೆ.

ರಾತ್ರಿಪಾಳಿ:
ಸ್ವಲ್ಪ ತಡೀರಿ. 2021-22 ಕೊರೊನಾ ವರ್ಷ. ಲಾಕ್‌ಡೌನ್‌ನಲ್ಲಿ ವಾರಗಟ್ಟಲೆ ಡ್ರಾ ನಿಂತಿತ್ತು. ಬೇಕಾದ ವರ್ಷ ಆರಿಸಿಕೊಂಡು ಹೇಳುವುದಾದರೆ ಭಾವನೂ ನೀವೂ ಒಂದೇ. 2019-20 ನೋಡಿ. ಮಾರಾಟ ಹತ್ತಿರಹತ್ತಿರ 10,000 ಕೋಟಿ, ಲಾಭ 1,760 ಕೋಟಿ ಆಸುಪಾಸು. ಅದು ನೂರಕ್ಕೆ ಹದಿನೇಳೂವರೆ. ಕೆಟ್ಟ ವ್ಯಾಪಾರ ಅಂತ ಅದನ್ನು ಯಾರೂ ಅನ್ನುವುದಿಲ್ಲ.

ಖಾತೆ_ಕಿರ್ದಿ:
ಒಪ್ಪಿದೆ, ಒಂದೇ ವರ್ಷ ಹೇಳಬಾರದಿತ್ತು. ಆದರೆ ಹದಿನೇಳೂವರೆಯಿಂದ ಎಂಟರ ಕೆಳಗೆ ಬಂದಿದ್ದಕ್ಕೆ ಕೊರೊನಾ ಒಂದೇ ಕಾರಣ ಅಲ್ಲ. ಡ್ರಾ ನಿಂತರೆ ಬಹುಮಾನ ಕೊಡುವುದೂ ನಿಲ್ಲುತ್ತೆ, ಕಮಿಷನ್ನೂ ನಿಲ್ಲುತ್ತೆ. ಮಾರಾಟ ಬೀಳಬೇಕು ನಿಜ, ನೂರಕ್ಕೆ ಇಷ್ಟು ಅನ್ನುವ ಪಾಲು ಅಷ್ಟೊಂದು ಯಾಕೆ ಬೀಳಬೇಕು?

ಜಿಎಸ್‌ಟಿ ಕಡೆ ನೋಡಿ. 2017ರಲ್ಲಿ ಜಿಎಸ್‌ಟಿ ಬಂದಾಗ ರಾಜ್ಯ ತಾನೇ ತನ್ನ ಗಡಿಯೊಳಗೆ ನಡೆಸುವ ಲಾಟರಿಗೆ 12%, ಹೊರರಾಜ್ಯದಲ್ಲಿ ಮಾರುವ ಲಾಟರಿಗೆ 28% ಇತ್ತು. 2020ರ ಮಾರ್ಚ್ 1ರಿಂದ ಎಲ್ಲಕ್ಕೂ 28% ಆಯಿತು. 2025ರ ಸೆಪ್ಟೆಂಬರ್ 22ರಿಂದ 40%. ಟಿಕೆಟ್ ಮೇಲೆ ಬರೆದ ಬೆಲೆಯಲ್ಲೇ ಈ ತೆರಿಗೆ ಸೇರಿರುತ್ತೆ. ಹಾಗಾಗಿ 100 ರೂಪಾಯಿಯ ಟಿಕೆಟ್ ಮಾರಿದರೆ 12% ಇದ್ದಾಗ ಜಿಎಸ್‌ಟಿ 10 ರೂಪಾಯಿ 71 ಪೈಸೆ, 28% ಆದಮೇಲೆ 21 ರೂಪಾಯಿ 88 ಪೈಸೆ, ಈಗ 28 ರೂಪಾಯಿ 57 ಪೈಸೆ.

12ರಿಂದ 28ಕ್ಕೆ ಹೋದಾಗ ನೂರಕ್ಕೆ ಹನ್ನೊಂದು ರೂಪಾಯಿ ಹೆಚ್ಚು ತೆರಿಗೆಗೆ ಹೋಯಿತು. ಲಾಭ ಬಿದ್ದಿದ್ದು ಹತ್ತು ರೂಪಾಯಿ. ಇನ್ನು ನಾನು ಹೇಳಬೇಕಾದ್ದೇನಿದೆ?

ರಾತ್ರಿಪಾಳಿ:
ಅಂದ್ರೆ ಲಾಭ ಎಲ್ಲಿಗೂ ಹೋಗಿಲ್ಲ, ಹೆಸರು ಬದಲಾಯಿಸಿಕೊಂಡಿದೆ. ಜಿಎಸ್‌ಟಿಯಲ್ಲಿ ಅರ್ಧ ರಾಜ್ಯಕ್ಕೇ ಬರುತ್ತಲ್ಲ? ಅದನ್ನೂ ಸೇರಿಸಿ ನೋಡಬೇಕು.

ಖಾತೆ_ಕಿರ್ದಿ:
ಸೇರಿಸೋಣ, ಒರಟು ಲೆಕ್ಕ. 2019-20ರಲ್ಲಿ ನೂರಕ್ಕೆ ಲಾಭ ಹದಿನೇಳೂವರೆ, ರಾಜ್ಯದ ಪಾಲಿನ ಜಿಎಸ್‌ಟಿ ಐದು ಚಿಲ್ಲರೆ. ಒಟ್ಟು 23 ಹತ್ತಿರ. 2021-22ರಲ್ಲಿ ಲಾಭ ಎಂಟರ ಹತ್ತಿರ, ಜಿಎಸ್‌ಟಿ ಹನ್ನೊಂದರ ಹತ್ತಿರ. ಒಟ್ಟು 19. ಬಲಗಿಸೆಯ ದುಡ್ಡು ಎಡಗಿಸೆಗೆ ಹೋಗುವಾಗ ದಾರಿಯಲ್ಲಿ ದೆಹಲಿಗೆ ಒಂದಿಷ್ಟು ಬಿತ್ತು, ಅಷ್ಟೇ.

ಧಾರವಾಡ_ಫೇಡೆ:
ಅಲ್ರೀ, ಜಿಎಸ್‌ಟಿನ ಲಾಟರಿ ಸಾಧನೆ ಅಂತ ಬರಕೊಳ್ಳೋದು ಯಾವ ನ್ಯಾಯ? ಆ ಮನಷ್ಯಾ ಐವತ್ತು ರೂಪಾಯಿ ಟಿಕೆಟ್ಟಿಗೆ ಹಾಕದೇ ಇದ್ದರ ಕಿಸೆದಾಗ ಇಟ್ಟುಕೊಂಡು ಪೂಜಾ ಮಾಡ್ತಿದ್ನೇನು? ಚಹಾ ಕುಡೀತಿದ್ದ, ಮಗನಿಗೆ ಬಿಸ್ಕಿಟ್ ತರ್ತಿದ್ದ, ಚಪ್ಪಲಿ ತಗೋತಿದ್ದ. ಅದರ ಮ್ಯಾಲೂ ಜಿಎಸ್‌ಟಿ ಬರ್ತಿತ್ತು. ಲಾಟರಿ ಇಲ್ಲದಿದ್ದರ ಎಷ್ಟು ಬರ್ತಿತ್ತು ಅನ್ನೋದನ್ನ ಕಳೀರಿ, ಉಳಿದಷ್ಟು ಲಾಟರಿದು.

ಖಾತೆ_ಕಿರ್ದಿ:
ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಸರಿಯಾದ ಮಾತು.

ರಾತ್ರಿಪಾಳಿ:
ಬಿಸ್ಕಿಟ್‌ಗೆ 40% ತೆರಿಗೆ ಇಲ್ಲವಲ್ಲ ಸರ್. ವ್ಯತ್ಯಾಸ ಆದರೂ ಲಾಟರಿಯದ್ದೇ ತಾನೇ?

ಧಾರವಾಡ_ಫೇಡೆ:
ಅದಕ್ಕ ಕಳೀರಿ ಅಂದೆ, ಒಗೀರಿ ಅನ್ನಲಿಲ್ಲ. ಪೂರ್ತಿ ಓದ್ರಿ ಒಮ್ಮೆ.

ಗಡಿನಾಡು_ಮಂಜೇಶ್ವರ:
ನಾನು ಕಾಸರಗೋಡು ಜಿಲ್ಲೆಯವ. ನೀವೆಲ್ಲ ಕೋಟಿ ಲೆಕ್ಕ ಹಾಕುತ್ತಿದ್ದೀರಿ, ನಾನು ನನ್ನ ಮಾವನ ಲೆಕ್ಕ ಹೇಳುತ್ತೇನೆ. ಅವರು ಹದಿನೈದು ವರ್ಷದಿಂದ ಟಿಕೆಟ್ ಮಾರುತ್ತಿದ್ದಾರೆ. ಒಂದು ಕಾಲು ಪೋಲಿಯೋದಿಂದ ಸರಿ ಇಲ್ಲ. ಪೇಟೆಯಲ್ಲಿ ಬಸ್‌ಸ್ಟ್ಯಾಂಡಿನ ಎದುರು ಒಂದು ಸಣ್ಣ ಮೇಜು, ಅದರ ಮೇಲೆ ಹಲಗೆ, ಹಲಗೆಗೆ ಕ್ಲಿಪ್ಪು ಹಾಕಿ ಟಿಕೆಟ್ ಸಾಲು. ಮಳೆಗಾಲದಲ್ಲಿ ಮೇಲೊಂದು ಪ್ಲಾಸ್ಟಿಕ್ ಹಾಳೆ.

ಇಲ್ಲಿ ಯಾರೂ ಹೇಳದ ವಿಷಯ ಒಂದಿದೆ. ಮಾವ ಟಿಕೆಟ್ ತರುವುದು ರೊಕ್ಕ ಕೊಟ್ಟು. ಮಾರಾಟ ಆಗದೆ ಉಳಿದರೆ ವಾಪಸ್ ಇಲ್ಲ. ಡ್ರಾ ಮಧ್ಯಾಹ್ನ ಮೂರಕ್ಕೆ. ಒಂದೂವರೆಯ ನಂತರ ಅವರ ಮುಖ ನೋಡಬೇಕು ಮಾರಾಯ್ರೆ. ಕೈಯಲ್ಲಿ ಹದಿನೈದು ಟಿಕೆಟ್ ಉಳಿದಿದ್ದರೆ ಊಟ ಬಿಟ್ಟು ಬಸ್ಸಿನ ಕಿಟಕಿ ಕಿಟಕಿಗೆ ಕೈ ಚಾಚುತ್ತಾರೆ. ಮೂರು ಗಂಟೆ ಆಯಿತು ಅಂದರೆ ಆ ಟಿಕೆಟ್ ಕಡಲೆ ಕಟ್ಟುವ ಕಾಗದ. ಸರ್ಕಾರದ ಪುಸ್ತಕದಲ್ಲಿ ಮಾತ್ರ ಆ ಹದಿನೈದೂ ಮಾರಾಟ ಆದ ಟಿಕೆಟ್ಟೇ. ನಷ್ಟ ಯಾರದ್ದು? ಮಾವನದ್ದು.

ಹಾಗಾಗಿ ಇಲಾಖೆಯ ಲಾಭ ನೋಡುವಾಗ, ನಷ್ಟ ಆಗುವ ಭಯವನ್ನು ಬೇರೆಯವರ ತಲೆಗೆ ಕಟ್ಟಿ ಗಳಿಸಿದ ಲಾಭ ಅಂತಲೂ ನೋಡಿ.

ಹಸಿಮೆಣಸು:
ಉಳಿದ ಟಿಕೆಟ್ಟಿಗೇ ಬಹುಮಾನ ಬಂದರೆ?

ಗಡಿನಾಡು_ಮಂಜೇಶ್ವರ:
ಅವರದ್ದೇ. ಮಾವನಿಗೆ ಹಾಗೆ ಎರಡು ಸಲ ಬಂದಿದೆ. ಒಮ್ಮೆ 100, ಒಮ್ಮೆ 500.

ಹಸಿಮೆಣಸು:
2021ರಲ್ಲಿ ಆಲುವಾ ಕಡೆಯ ಒಬ್ಬ ಟಿಕೆಟ್ ಮಾರುವ ಹೆಂಗಸಿನ ಸುದ್ದಿ ನೆನಪಿದೆಯಾ? ದೊಡ್ಡ ಬಹುಮಾನದ ಬಂಪರ್ ಟಿಕೆಟ್ ಉಳಿದಿತ್ತು, ಪರಿಚಯದ ಗಿರಾಕಿ ಫೋನಿನಲ್ಲಿ "ಒಂದು ತೆಗೆದಿಡಿ, ದುಡ್ಡು ಆಮೇಲೆ ಕೊಡುತ್ತೇನೆ" ಅಂದಿದ್ದರು. ಅದಕ್ಕೇ 6 ಕೋಟಿ ಬಂತು. ಟಿಕೆಟ್ ಇನ್ನೂ ಈಕೆಯ ಕೈಯಲ್ಲೇ ಇತ್ತು. ಆದರೂ ಅವರ ಮನೆಗೆ ಹೋಗಿ ಕೊಟ್ಟು ಬಂದರು. ಇಂಥದ್ದು ಯಾವ ಬ್ಯಾಲೆನ್ಸ್ ಶೀಟಿನಲ್ಲಿ ಬರುತ್ತೆ ಹೇಳಿ.

ಅಂಗಡಿಬೀದಿ_ಅಣ್ಣ:
ನಾನಾಗಿದ್ದರೆ ಫೋನ್ ಸ್ವಿಚ್ ಆಫ್ ಮಾಡಿ ಮಂತ್ರಾಲಯಕ್ಕೆ ಹೋಗುತ್ತಿದ್ದೆ.

ಗುಂಡ್ಲುಪೇಟೆ_ಹೂವು:
ಬಂಪರ್ ವಿಷಯ ಬಂದಾಗೆಲ್ಲ ನಮ್ಮ ಕಡೆಯವರು 25 ಕೋಟಿ ಗೆದ್ದ ಪಾಂಡವಪುರದ ಮೆಕ್ಯಾನಿಕ್ ಕಥೆ ಹೇಳುತ್ತಾರೆ. 2024ರ ಓಣಂ ಬಂಪರ್. ಟಿಕೆಟ್ ತೆಗೆದದ್ದು ಸುಲ್ತಾನ್ ಬತ್ತೇರಿಯಲ್ಲಿ, ನಮ್ಮೂರಿಂದ ಬಂಡೀಪುರ ದಾಟಿದರೆ ಅದೇ ಪೇಟೆ. ಆ ವರ್ಷದಿಂದ ವಯನಾಡಿಗೆ ತರಕಾರಿ ಲಾರಿ ಓಡಿಸುವವರೆಲ್ಲ ವಾಪಸ್ ಬರುವಾಗ ಜೇಬಿನಲ್ಲಿ ಎರಡು ಟಿಕೆಟ್ ಇಟ್ಟುಕೊಂಡೇ ಬರುವುದು.

ಅವರ ಕೈಗೆ ಪೂರ್ತಿ 25 ಕೋಟಿ ಬಂತಾ? ಯಾರಾದರೂ ಹೇಳಿ.

ಖಾತೆ_ಕಿರ್ದಿ:
ಇಲ್ಲ. ಮೊದಲು ಟಿಕೆಟ್ ಮಾರಿದ ಏಜೆಂಟನಿಗೆ 10%, ಅಂದರೆ ಎರಡೂವರೆ ಕೋಟಿ. ಉಳಿದ 22.5 ಕೋಟಿಗೆ 30% ಆದಾಯ ತೆರಿಗೆ, 6.75 ಕೋಟಿ. ಅಲ್ಲಿಗೆ 15.75. ಪತ್ರಿಕೆಯವರು ಇಲ್ಲಿಗೇ ನಿಲ್ಲಿಸುತ್ತಾರೆ. ಆಮೇಲೆ ಆ ತೆರಿಗೆಯ ಮೇಲೆ ಸರ್‌ಚಾರ್ಜ್ ಇದೆ, ಸೆಸ್ ಇದೆ. ಆದಾಯ ತೆರಿಗೆಯ ಹಳೆ ಪದ್ಧತಿಯ 37% ಸರ್‌ಚಾರ್ಜ್ ಹಾಕಿದರೆ ಕೊನೆಗೆ ಕೈಯಲ್ಲಿ 12.88 ಕೋಟಿ. ಹೊಸ ಪದ್ಧತಿಯಲ್ಲಿ ಸರ್‌ಚಾರ್ಜ್ 25%ಗೆ ನಿಲ್ಲುತ್ತೆ, ಆಗ 13.7 ಕೋಟಿ ಹತ್ತಿರ.

ದುಬೈ_ಕುಂದಾಪ್ರ:
ಅರ್ಧ ಹೋಯ್ತು ಅಂದ್ಹಾಂಗೆ! ಇಲ್ಲಿ ಅಬುಧಾಬಿ ಬಿಗ್ ಟಿಕೆಟ್ಟಿಗೆ ಹತ್ತು ಜನ ಸೇರಿ ದುಡ್ಡು ಹಾಕುವುದು ನಾವು. ಎಂಟು ವರ್ಷ ಆಯ್ತು, ಒಂದು ದಿರ್ಹಮ್ ಬಂದಿಲ್ಲ ಮಾರಾಯ್ರೆ.

ರಾತ್ರಿಪಾಳಿ:
ಒಂದು ಗಮನಿಸಿ. ಆದಾಯ ತೆರಿಗೆ ಕೇಂದ್ರಕ್ಕೆ. ಜಿಎಸ್‌ಟಿಯಲ್ಲಿ ಅರ್ಧ ಕೇಂದ್ರಕ್ಕೆ. ಟಿಕೆಟ್ ಅಚ್ಚು ಹಾಕಿಸುವುದು, ಹಂಚುವುದು, ಡ್ರಾ ಮಾಡುವುದು, ಬೈಸಿಕೊಳ್ಳುವುದು ಎಲ್ಲ ತಿರುವನಂತಪುರ. ಪ್ರತಿ ಓಣಂಗೂ ತಪ್ಪದೆ ಬಂಪರ್ ಹೊಡೆಯುವುದು ದೆಹಲಿ.

ಧಾರವಾಡ_ಫೇಡೆ:
ಅದರಾಗ 41% ರಾಜ್ಯಗಳಿಗೆ ವಾಪಸ್ ಹಂಚ್ತಾರ, ಅದನ್ನ ಬಿಡಬ್ಯಾಡ್ರಿ.

ರಾತ್ರಿಪಾಳಿ:
ಆ 41ರಲ್ಲಿ 2025-26ರವರೆಗೆ ಕೇರಳದ ಪಾಲು ನೂರಕ್ಕೆ ಎರಡೂ ಇರಲಿಲ್ಲ ಸರ್. 1.925.

ಖಾತೆ_ಕಿರ್ದಿ:
ಬಂಪರ್ ವಿಷಯ ಬಂದದ್ದರಿಂದ ಒಂದು ಮಾತು. ದಿನದ ಟಿಕೆಟ್ಟಿಗೂ ಬಂಪರ್‌ಗೂ ಲೆಕ್ಕ ಬೇರೆ. 2023ರ ಓಣಂ ಬಂಪರ್ ತಗೊಳ್ಳಿ. 500 ರೂಪಾಯಿಯ ಟಿಕೆಟ್, ಸುಮಾರು 75 ಲಕ್ಷ ಹೋಯಿತು. 375 ಕೋಟಿ. ಎಲ್ಲ ಬಹುಮಾನ ಸೇರಿ ಸುಮಾರು 125 ಕೋಟಿ, ಅಂದರೆ ಮೂರನೇ ಒಂದು ಪಾಲು. ಜಿಎಸ್‌ಟಿ 82 ಕೋಟಿ. ಉಳಿದ 168 ಕೋಟಿಯಲ್ಲಿ ಏಜೆಂಟ್ ಕಮಿಷನ್, ಮುದ್ರಣ, ಜಾಹೀರಾತು, ಲಾಭ. ಜನ 25 ಕೋಟಿ ಅನ್ನುವ ಅಂಕಿ ನೋಡಿ ಮುಗಿಬೀಳುತ್ತಾರೆ. ಒಟ್ಟು ಬಹುಮಾನ ಮೂರನೇ ಒಂದು ಪಾಲು ಮಾತ್ರ ಅಂತ ಯಾರೂ ಕೇಳುವುದಿಲ್ಲ. ಇಲಾಖೆಗೆ ಬಂಪರ್ ಪ್ರೀತಿ ಇರುವುದು ಇದಕ್ಕೇ. 1998ರ ಲಾಟರಿ ಕಾಯ್ದೆ ವರ್ಷಕ್ಕೆ ಆರಕ್ಕಿಂತ ಜಾಸ್ತಿ ಬಂಪರ್ ಬೇಡ ಅನ್ನುತ್ತೆ. ಕ್ರಿಸ್ಮಸ್, ಬೇಸಿಗೆ, ವಿಷು, ಮಾನ್ಸೂನ್, ಓಣಂ, ಪೂಜಾ. ಎಣಿಸಿ ನೋಡಿ, ಸರಿಯಾಗಿ ಆರು.

ಹಸಿಮೆಣಸು:
ಕಾಯ್ದೆ ಇಲ್ಲದಿದ್ದರೆ ಏಳನೆಯದೂ ಬರುತ್ತಿತ್ತು!

ಚಿನ್ನದೂರು:
ನಾನು ಕೋಲಾರ ಜಿಲ್ಲೆ. ನೀವು ಕೇರಳದ ಲೆಕ್ಕ ಹಾಕುತ್ತಾ ಕೂತಿದ್ದೀರಿ, ನಮ್ಮಲ್ಲಿ ಲಾಟರಿ ಇದ್ದಾಗ ಏನಾಗಿತ್ತು ಅಂತ ಮರೆತೇಬಿಟ್ಟಿದ್ದೀರಿ. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಅಂಗಡಿ. ಬೆಳಿಗ್ಗೆ ಒಂಬತ್ತಕ್ಕೆ ಕೂಲಿಗೆ ಹೊರಟವರು ಅಲ್ಲೇ ನಿಲ್ಲುತ್ತಿದ್ದರು. ಗಂಟೆಗೊಂದು ಡ್ರಾ. ಯಾವ್ಯಾವುದೋ ರಾಜ್ಯದ ಹೆಸರಿನ ಟಿಕೆಟ್, ಆ ರಾಜ್ಯ ಭೂಪಟದಲ್ಲಿ ಎಲ್ಲಿದೆ ಅಂತ ಕೊಂಡವನಿಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿಲ್ಲ. ನಮ್ಮ ಪಕ್ಕದ ಮನೆಯವರು ಹಸು ಮಾರಿದರು, ಆಮೇಲೆ ಹಸು ಕಟ್ಟುವ ಜಾಗವನ್ನೂ ಮಾರಿದರು. 2007ರಲ್ಲಿ ಎಲ್ಲ ಲಾಟರಿ ನಿಂತಿತು, ಅದೇ ವರ್ಷ ಸಾರಾಯಿಯೂ ನಿಂತಿತು. ಆ ವರ್ಷ ನಮ್ಮ ತಾಯಿ ಎರಡು ಸಲ ದೇವರಿಗೆ ಕಾಯಿ ಒಡೆಸಿದರು.

ಇದನ್ನು ಲೆಕ್ಕದಲ್ಲಿ ಎಲ್ಲಿ ಬರೆಯುತ್ತೀರಿ? 0075ರಲ್ಲೋ 2075ರಲ್ಲೋ?

ರಾತ್ರಿಪಾಳಿ:
ನಿಮ್ಮ ನೋವು ಅರ್ಥ ಆಗುತ್ತೆ ಸರ್. ಆದರೆ ನಿಲ್ಲಿಸಿದ ಮೇಲೆ ಆಟ ನಿಂತಿತಾ? 2015ರಲ್ಲಿ ಒಂದಂಕಿ ಲಾಟರಿ ಹಗರಣ ಆಯಿತಲ್ಲ. ದೊಡ್ಡ ದೊಡ್ಡ ಪೊಲೀಸ್ ಅಧಿಕಾರಿಗಳ ಹೆಸರು ಬಂದು ತನಿಖೆ ಸಿಬಿಐಗೆ ಹೋಯಿತು. ನಿಷೇಧವಾಗಿ ಎಂಟು ವರ್ಷ ಆದಮೇಲೆ! ಓಸಿ ಆಟ ಇಂದಿಗೂ ಇದೆ. ಅದರಲ್ಲಿ ಸರ್ಕಾರಕ್ಕೆ ಐದು ಪೈಸೆ ಬರುವುದಿಲ್ಲ.

ಚಿನ್ನದೂರು:
ಕಳ್ಳತನಕ್ಕೆ ಶಿಕ್ಷೆ ಇದ್ದರೂ ಕಳ್ಳರಿದ್ದಾರೆ. ಅದಕ್ಕೆ ಸರ್ಕಾರವೇ ಕಳ್ಳತನದ ಅಂಗಡಿ ತೆರೆಯಲಿ ಅಂತೀರಾ?

ಗಡಿನಾಡು_ಮಂಜೇಶ್ವರ:
ಸರ್ಕಾರಿ ಲಾಟರಿ ಇದ್ದರೆ ಕಳ್ಳ ಆಟ ನಿಲ್ಲುತ್ತೆ ಅನ್ನುವುದೂ ಸುಳ್ಳು. ಇಲ್ಲಿ ಮೂರಂಕಿ ಆಟ ಅಂತ ಇದೆ. ಸರ್ಕಾರದ ಡ್ರಾದಲ್ಲಿ ಬರುವ ನಂಬರಿನ ಕೊನೆಯ ಮೂರು ಅಂಕಿಗೆ ಪಣ ಕಟ್ಟುವುದು. ಚೀಟಿಯಲ್ಲಿ ಬರೆದುಕೊಡುತ್ತಾರೆ, ಈಗ ಮೊಬೈಲಿನಲ್ಲೇ ಆಗುತ್ತೆ. ಡ್ರಾ ಖರ್ಚು ಸರ್ಕಾರದ್ದು, ಯಂತ್ರ ಸರ್ಕಾರದ್ದು, ವ್ಯಾಪಾರ ಮಾತ್ರ ಕಳ್ಳರದ್ದು. ಪೊಲೀಸರು ಆಗಾಗ ಹಿಡಿಯುತ್ತಾರೆ.

ಖಾತೆ_ಕಿರ್ದಿ:
ಚಿನ್ನದೂರು ಅವರು ಹೇಳಿದ್ದು ಬೇರೆಯದೇ ವ್ಯಾಪಾರ, ಎರಡನ್ನೂ ಬೆರೆಸಬೇಡಿ. ಕೇರಳ 1967ರಲ್ಲೇ ತನ್ನದೇ ಇಲಾಖೆ ಮಾಡಿತು. ಮೊದಲ ಟಿಕೆಟ್ ಒಂದು ರೂಪಾಯಿ, ಮೊದಲ ಬಹುಮಾನ 50,000, ಡ್ರಾ 1968ರ ಜನವರಿ 26ಕ್ಕೆ. ಇಂದಿಗೂ ಟಿಕೆಟ್ ಕಾಗದದ್ದೇ, ಮಾರುವುದು ಇಲಾಖೆಯಿಂದ ಏಜೆಂಟರಿಗೆ. ಈಶಾನ್ಯದ ಕೆಲವು ರಾಜ್ಯಗಳು ಮಾಡಿದ್ದು ಬೇರೆ. ಒಬ್ಬ ವಿತರಕನಿಗೆ ಪೂರ್ತಿ ವಹಿಸಿ, "ವರ್ಷಕ್ಕೆ ಇಷ್ಟು ಕನಿಷ್ಠ ಹಣ ಕೊಡು" ಅಂತ ಕೈತೊಳೆದುಕೊಳ್ಳುವುದು. ಸಾವಿರಾರು ಕೋಟಿ ಮಾರಾಟ ಆದರೂ ರಾಜ್ಯಕ್ಕೆ ಬರುವುದು ಚೂರುಪಾರು. ಮಾವಿನ ತೋಪನ್ನು ಗುತ್ತಿಗೆಗೆ ಕೊಟ್ಟ ಹಾಗೆ. ಮರ ನಿಮ್ಮದು, ಹಣ್ಣು ಅವನದ್ದು.

ಅಂಗಡಿಬೀದಿ_ಅಣ್ಣ:
ಚುನಾವಣಾ ಬಾಂಡ್ ಪಟ್ಟಿ 2024ರಲ್ಲಿ ಹೊರಬಂದಾಗ ಎಲ್ಲರಿಗಿಂತ ಜಾಸ್ತಿ ಕೊಂಡವರು ಒಂದು ಲಾಟರಿ ಕಂಪನಿ. 1,368 ಕೋಟಿ. ಹಣ್ಣು ಯಾರು ತಿಂದರು ಅಂತ ಅದರಲ್ಲೇ ಗೊತ್ತಾಗುತ್ತೆ.

ಹಸಿಮೆಣಸು:
ಕೇರಳದವರು ದಿನಕ್ಕೆ ತಲೆಗೆ ಹತ್ತು ರೂಪಾಯಿ ಲಾಟರಿಗೆ ಹಾಕುತ್ತಾರೆ ಅಂತ ನನ್ನ ಲೆಕ್ಕ. 12,000 ಕೋಟಿಯನ್ನು 2011ರ ಜನಗಣತಿಯ 3.34 ಕೋಟಿ ಜನರಿಂದ ಭಾಗಿಸಿದರೆ ವರ್ಷಕ್ಕೆ 3,600. ಕೂಸುಗಳನ್ನೂ ಸೇರಿಸಿ! ಹಾಲಿಗಿಂತ ಜಾಸ್ತಿ ಆಯಿತೇನೋ.

ಗುಂಡ್ಲುಪೇಟೆ_ಹೂವು:
ಅದು ತಪ್ಪು ಅಕ್ಕಾ. ಕೊಳ್ಳುವವರೆಲ್ಲ ಕೇರಳದವರಲ್ಲ. ಈಗ ತಾನೇ ಹೇಳಿದೆನಲ್ಲ. 2023ರ ಬಂಪರ್ ತಮಿಳುನಾಡಿನವರಿಗೆ, 2024ರದು ನಮ್ಮ ಮಂಡ್ಯ ಜಿಲ್ಲೆಗೆ. ತಮಿಳುನಾಡಿನಲ್ಲಿ 2003ರಿಂದ ಲಾಟರಿ ಇಲ್ಲ, ನಮ್ಮಲ್ಲಿ 2007ರಿಂದ ಇಲ್ಲ. ಆ ಕಡೆಯವರು ವಾಳಯಾರ್‌ಗೆ, ನಾವು ಬತ್ತೇರಿಗೆ, ಮಂಗಳೂರಿನವರು ತಲಪಾಡಿ ದಾಟಿ. ನಾವು ನಿಷೇಧ ಮಾಡಿ ಅವರ ಮಾರಾಟ ಹೆಚ್ಚಿಸಿದ್ದೇವೆ.

ಹಸಿಮೆಣಸು:
ಹೌದಲ್ವಾ! ಸರಿ, ನನ್ನ ಹತ್ತು ರೂಪಾಯಿ ವಾಪಸ್.

ಪಡುಬಿದ್ರಿ_ಪ್ರಯಾಣಿಕ:
ಅದು ನಿಜ. ಶನಿವಾರ ಸಂಜೆ ತಲಪಾಡಿ ಟೋಲ್ ಆಚೆ ನೋಡಬೇಕು, ಕೆಎ 19 ಬೈಕುಗಳ ಸಾಲು. ಸರಿ, ಗ್ರೂಪಿನಲ್ಲಿ ಭಾವ ಹೊಸ ವಾದ ತೆಗೆದಿದ್ದಾರೆ. "ಲಾಭ ಬಿಡು, ಬೆಳವಣಿಗೆ ನೋಡು. 2010-11ರಲ್ಲಿ 557 ಕೋಟಿ ಇದ್ದ ಮಾರಾಟ 2022-23ರಲ್ಲಿ ಸುಮಾರು 11,900 ಕೋಟಿ. ಯಾವ ಕಂಪನಿ ಹೀಗೆ ಬೆಳೆದಿದೆ?" ಅಂತ. ಇದಕ್ಕೇನು ಹೇಳಲಿ?

ಖಾತೆ_ಕಿರ್ದಿ:
ಎರಡು ತುಂಡು ಮಾಡಿ ಕೇಳಿ. ಮೊದಲ ತುಂಡು ನಿಜವಾದ ಬೆಳವಣಿಗೆ. ಹೊಸ ಹೆಸರಿನ ಟಿಕೆಟ್ ಬಂದವು, ವಾರದ ಎಲ್ಲ ದಿನ ಡ್ರಾ ಆಯಿತು. 2011ರ ಹೊತ್ತಿಗೆ ಕಾರುಣ್ಯ ಅಂತ ಶುರುವಾಯಿತು, ಅದರ ಹಣ ಬಡವರ ಚಿಕಿತ್ಸೆಗೆ ಅಂದರು. "ಹೋದರೆ ಯಾರದೋ ಡಯಾಲಿಸಿಸ್‌ಗೆ ಹೋಗುತ್ತೆ" ಅಂತ ಮನಸ್ಸಿಗೆ ಸಮಾಧಾನ ಇದ್ದರೆ ಟಿಕೆಟ್ ಕೊಳ್ಳುವ ಕೈ ಹಿಂದೆಮುಂದೆ ನೋಡುವುದಿಲ್ಲ. ಬುದ್ಧಿವಂತಿಕೆ.

ಎರಡನೇ ತುಂಡು 2019-20ರ ಆಮೇಲಿನದ್ದು. ಆಗ 10,000 ಕೋಟಿ ಹತ್ತಿರ, 2022-23ರಲ್ಲಿ 11,900. ಅಂದರೆ 20%ಗಿಂತ ಸ್ವಲ್ಪ ಕಡಿಮೆ ಏರಿಕೆ. ಈ ನಡುವೆ ವಾರದ ಟಿಕೆಟ್ ಹೆಚ್ಚಿನವು 30ರಿಂದ 40 ರೂಪಾಯಿ ಆದವು. ಬೆಲೆ ಮೂರನೇ ಒಂದು ಪಾಲು ಏರಿದೆ, ಹಣ ಐದನೇ ಒಂದು ಪಾಲೂ ಏರಿಲ್ಲ. ಟಿಕೆಟ್ ಸಂಖ್ಯೆ ಏರಿತೋ ಇಳಿಯಿತೋ, ಭಾವನನ್ನೇ ಕೇಳಿ. 2025ರಲ್ಲಿ ಮತ್ತೆ 50 ಮಾಡಿ ಮೊದಲ ಬಹುಮಾನ ಒಂದು ಕೋಟಿ ಮಾಡಿದರು. ಗಿರಾಕಿ ಜಾಸ್ತಿ ಆಗುತ್ತಿದ್ದರೆ ಇಷ್ಟು ಸಲ ಬೆಲೆ ಏರಿಸಿ ಆಸೆ ತೋರಿಸಬೇಕಾಗಿತ್ತಾ?

ರಾತ್ರಿಪಾಳಿ:
ಇದು ಒಳ್ಳೆ ಪಾಯಿಂಟ್. ಮಾರಾಟದ ಹಣ ನೋಡಬಾರದು, ಟಿಕೆಟ್ ಎಣಿಸಬೇಕು.

ಗಡಿನಾಡು_ಮಂಜೇಶ್ವರ:
40% ಆದಮೇಲೆ ಬೆಲೆ ಏರಿಸಲಿಲ್ಲ, 50ರಲ್ಲೇ ಇಟ್ಟರು. 50ರ ಟಿಕೆಟ್ಟಿನಲ್ಲಿ ತೆರಿಗೆ 10 ರೂಪಾಯಿ 94 ಪೈಸೆಯಿಂದ 14 ರೂಪಾಯಿ 29 ಪೈಸೆಗೆ ಹೋಯಿತು. ಆ 3 ರೂಪಾಯಿ 35 ಪೈಸೆ ಎಲ್ಲಿಂದ ಬಂತು? ಬಹುಮಾನದಲ್ಲಿ ಸ್ವಲ್ಪ ಕತ್ತರಿ, ಮಾವನ ಕಮಿಷನ್‌ನಲ್ಲಿ ಸ್ವಲ್ಪ ಕತ್ತರಿ. ಗಿರಾಕಿಗೆ ಗೊತ್ತೂ ಆಗಲಿಲ್ಲ. ಮಾವನಿಗೆ ಆಯಿತು. ಸಂಜೆ ಎರಡು ಟೀ ಕುಡಿಯುತ್ತಿದ್ದವರು ಈಗ ಒಂದು.

ಧಾರವಾಡ_ಫೇಡೆ:
ಈಗ ಮೂಲ ಪ್ರಶ್ನೆಗೆ ಬರ್ರಿ. ನಮ್ಮ ಗ್ಯಾರಂಟಿಗೆ ವರ್ಷಕ್ಕ ಐವತ್ತು ಸಾವಿರ ಕೋಟಿಗಿಂತ ಜಾಸ್ತಿ ಬೇಕು. ಕೇರಳ ಐವತ್ತೆಂಟು ವರ್ಷ ಮೈಮುರದು ಕಟ್ಟಿದ ವ್ಯವಸ್ಥೆಯಿಂದ ಒಳ್ಳೆ ವರ್ಷದಾಗ ಬಂದ ಲಾಭ 1,760 ಕೋಟಿ, ಅದೂ 12% ತೆರಿಗೆ ಇದ್ದಾಗ. ಈಗ ತೆರಿಗೆ 40. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಚಿನ್ನದೂರು:
ಅರೆಕಾಸಿನ ಮಜ್ಜಿಗೆಗೆ ನಮ್ಮ ಪಕ್ಕದ ಮನೆಯವರ ಹಸು ಹೋಯಿತಲ್ಲ ಸ್ವಾಮಿ.

ಅಂಗಡಿಬೀದಿ_ಅಣ್ಣ:
ಒಂದು ತಮಾಷೆ ಗೊತ್ತಾ? ನಮ್ಮ ರಾಜ್ಯದಲ್ಲಿ ಲಾಟರಿ ನೋಡಿಕೊಳ್ಳುತ್ತಿದ್ದ ಇಲಾಖೆಯ ಹೆಸರು ಸಣ್ಣ ಉಳಿತಾಯ ಮತ್ತು ರಾಜ್ಯ ಲಾಟರಿ ಇಲಾಖೆ. ಒಂದು ಕೈಯಲ್ಲಿ "ಉಳಿಸಿ", ಇನ್ನೊಂದು ಕೈಯಲ್ಲಿ "ಕಳೆಯಿರಿ". ಬೋರ್ಡ್ ಬರೆದವನಿಗೆ ನಗು ಬಂದಿರಲ್ವಾ?

ರಾತ್ರಿಪಾಳಿ:
😂 ಒಂದೇ ಕಚೇರಿ, ಎರಡು ಕೌಂಟರ್.

ಹಸಿಮೆಣಸು:
ನನಗೆ ಒಂದು ವಿಷಯ ಬೇಕಿತ್ತು, ಸ್ವಲ್ಪ ಹೊರಗಿನದ್ದು. ನಮ್ಮ ಯಜಮಾನರು ಮಾಲೆ ಹಾಕಿ ಶಬರಿಮಲೆಗೆ ಹೋದಾಗ ಎರುಮೇಲಿಯಲ್ಲಿ ಎರಡು ಟಿಕೆಟ್ ತಗೊಂಡಿದ್ದರು. ತಂದು ದೇವರ ಮನೆಯಲ್ಲಿ ವಿಭೂತಿ ಡಬ್ಬಿ ಕೆಳಗೆ ಇಟ್ಟು ಮರೆತುಬಿಟ್ಟಿದ್ದಾರೆ. ಈ ಚರ್ಚೆ ಓದಿ ಈಗ ತೆಗೆದು ನೋಡಿದೆ. ಒಂದರ ಕೊನೆಯ ನಾಲ್ಕು ಅಂಕಿ 500 ರೂಪಾಯಿ ಬಹುಮಾನದ ಸಾಲಿನಲ್ಲಿದೆ! ಹೇಗೆ ತಗೊಳ್ಳುವುದು?

ಗಡಿನಾಡು_ಮಂಜೇಶ್ವರ:
ಸಣ್ಣ ಬಹುಮಾನ ಆದರೆ ಕೇರಳದ ಯಾವ ಲಾಟರಿ ಅಂಗಡಿಯಲ್ಲಾದರೂ ಕೊಡುತ್ತಾರೆ ಅಕ್ಕಾ. ಟಿಕೆಟ್ ಮಡಚಿ ಹರಿದಿರಬಾರದು, ನಂಬರ್ ಚೆನ್ನಾಗಿ ಕಾಣಬೇಕು. ಡ್ರಾ ಆಗಿ 30 ದಿನದೊಳಗೆ. ಯಾವ ತಾರೀಕಿನದ್ದು?

ಹಸಿಮೆಣಸು:
ಮಕರಜ್ಯೋತಿಗೆ ಹೋಗಿದ್ದು. ಈಗ ಯುಗಾದಿ ಹತ್ತಿರ ಬಂತು.

ಗಡಿನಾಡು_ಮಂಜೇಶ್ವರ:
ಹಾಗಾದರೆ ಹೋಯಿತು. ಗಡುವು ಮುಗಿದ ಬಹುಮಾನ ಸರ್ಕಾರಕ್ಕೆ.

ಖಾತೆ_ಕಿರ್ದಿ:
ಅದೂ ಒಂದು ಆದಾಯದ ಬಾಬತ್ತು, ಹೇಳಲು ಮರೆತಿದ್ದೆ.

ಹಸಿಮೆಣಸು:
ಯಜಮಾನರಿಗೆ ಹೇಳಲೋ ಬೇಡವೋ?

ಅಂಗಡಿಬೀದಿ_ಅಣ್ಣ:
ಹೇಳಬೇಡಿ. ಡಬ್ಬಿ ಕೆಳಗೇ ಇಡಿ.

ಪಡುಬಿದ್ರಿ_ಪ್ರಯಾಣಿಕ:
ಎಲ್ಲರಿಗೂ ಥ್ಯಾಂಕ್ಸ್. ಖಾತೆ_ಕಿರ್ದಿ ಅವರ ಲೆಕ್ಕ ಪೂರ್ತಿ ಗ್ರೂಪಿಗೆ ಹಾಕಿದೆ. ಭಾವ ಎರಡು ಗಂಟೆ ಸುಮ್ಮನಿದ್ದರು. ಈಗ ಮೆಸೇಜ್ ಬಂತು. "ಕೇರಳದ್ದು ಬಿಡು, ಪಂಜಾಬಿನದ್ದು ನೋಡು" ಅಂತೆ. ಪಂಜಾಬಿನ ಲೆಕ್ಕ ಯಾರ ಹತ್ತಿರವಾದರೂ ಇದೆಯಾ?